ಸುಣ್ಣದ ಗವಿ, ಬೆಲ್ಲದ ಗುಡ್ಡ

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ದೊಡ್ಡಪ್ಪ ಪಕ್ಕದ ಗಡಿಗೆಯಿಂದ ಒಂದು ಚೊಂಬು ಸುಣ್ಣದ ತಿಳಿ ಮೊಗೆದು ಸುತ್ತಲೂ ಹುಯ್ದರು. ನೋಡನೋಡುತ್ತಿದ್ದಂತೆ ಹಾಲಿನೊಳಗಿನ ಕಸರೆಲ್ಲ ನೊರೆಯಾಗಿ ಮೇಲೆದ್ದು ಬಂತು. ಜಾಲರಿ ಸೌಟಿನಲ್ಲಿ ಅದನ್ನು ಎತ್ತಿ ಹೊರಗೆ ಚೆಲ್ಲುತ್ತ, ‘ಸುಣ್ಣ ಕಡಿಮಿ ಆದ್ರ ಕಸರು ಉಳೀತೈತಿ, ಜಾಸ್ತಿ ಆದ್ರ ಬೆಲ್ಲ ಕಪ್ಪಾಕ್ಕೈತಿ. ಹದ ನೋಡಿ ಹಾಕ್ಬೇಕು’ ಎಂದರು.

ಐದನೇ ಕ್ಲಾಸಿನ ನನ್ನ ಮಗಳು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತಿದ್ದಳು. ‘ತಾತ, ಸುಣ್ಣ ಎಲ್ಲಿಂದ ಬರ್ತೈತಿ?’

‘ಅಂಗಡ್ಯಾಗಿಂದ.’

‘ಅಂಗಡಿಗೆ ಎಲ್ಲಿಂದ ಬರ್ತೈತಿ?’

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಕೊಪ್ಪರಿಗೆ ನೋಡಿದೆ.

ಹೊಸಪೇಟೆಗೆ ಅಂಟಿಕೊಂಡೇ ಇರುವ ನಮ್ಮ ಚಿತ್ತವಾಡ್ಗಿಗೂ ಕಬ್ಬಿಗೂ ಹಳೆಯ ನಂಟು. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರು ಇಂದಿಗೂ ಈ ಸುತ್ತಿನ ಕಬ್ಬು, ಬಾಳೆ, ಭತ್ತಕ್ಕೆ ಹರಿಯುತ್ತದೆ. ಊರಿನ ಸಕ್ಕರೆ ಕಾರ್ಖಾನೆಯ ಚಿಮಣಿ ತಣ್ಣಗಾದ ಮೇಲೆ ಗಾಣದ ಒಲೆಗಳೇ ಆಸರೆ. ಬೆಲ್ಲ ಹೇಗಾಗುತ್ತದೆಂದು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸುಣ್ಣದ ಮಾತು ಬೇರೆ. ಅದು ನಮ್ಮ ಎಲೆಯಡಿಕೆಯಲ್ಲಿದೆ, ಗೋಡೆಯ ಮೇಲಿದೆ, ಕೊಪ್ಪರಿಗೆಯಲ್ಲಿದೆ, ಹಂಪಿಯ ಕಮಲ ಮಹಲಿನ ಗಾರೆಯಲ್ಲಿದೆ. ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸಿ ಅರೆಯುವುದು ಹಳೆಯ ಗಾರೆಯವರ ರೂಢಿ. ಹೀಗೆ ದಿನಾ ಜೊತೆಗಿರುವ ಸುಣ್ಣವನ್ನು ನಾವು ಬಾಯಿಬಿಟ್ಟು ನೆನೆಯುವುದು ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂದು ಬೈಯುವಾಗ ಮಾತ್ರ. ಮಗಳ ಪ್ರಶ್ನೆಯ ಬೆನ್ನು ಹತ್ತಿ ಎರಡು ಭಾನುವಾರ ಹೋದವು. ಒಂದು ಸುಣ್ಣ ಹುಟ್ಟುವ ಸುಣ್ಣಕಲ್ಲಿನ ಗವಿಯೊಳಗೆ, ಇನ್ನೊಂದು ಬೆಲ್ಲ ಸವರಿದ ಗುಡ್ಡದೆದುರು.

ಕಡಪ ಕಲ್ಲಿನ ಹಾದಿ

ಗವಿಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಹಂಪಿಯ ಹೊಳೆದಂಡೆಯಲ್ಲಿ ಸುಗ್ರೀವನ ಗವಿ, ಆನೆಗೊಂದಿಯ ಬೆಟ್ಟಗಳಲ್ಲಿ ಹೆಜ್ಜೆಗೊಂದು ಗವಿ. ಆದರೆ ಇವೆಲ್ಲ ಗ್ರಾನೈಟಿನವು. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಕಲ್ಲು ಬಿಸಿಲಿಗೆ ಮಳೆಗೆ ಬಿರುಕು ಬಿಟ್ಟು, ಮೂಲೆಗಳು ಸವೆದು ಗುಂಡಾಗಿ, ಒಂದರ ಮೇಲೊಂದು ನಿಂತಿದೆ. ಗುಂಡುಗಳ ನಡುವೆ ಉಳಿದ ಸಂದಿಯನ್ನೇ ನಾವು ಗವಿ ಎನ್ನುತ್ತೇವೆ. ನೀರೇ ಕಲ್ಲನ್ನು ಕರಗಿಸಿ ತೋಡಿದ ಗವಿ ಬೇಕೆಂದರೆ ಸುಣ್ಣಕಲ್ಲಿನ ನೆಲಕ್ಕೆ ಹೋಗಬೇಕು. ಅದೂ ಕರ್ನಾಟಕದಲ್ಲಿದೆ. ದಾಂಡೇಲಿಯ ಹತ್ತಿರ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ, ಕವಳಾ ಗುಹೆಯಿದೆ. ತೊಟ್ಟಿಕ್ಕಿದ ಸುಣ್ಣವೇ ಅಲ್ಲಿ ಲಿಂಗವಾಗಿ ನಿಂತಿದ್ದು, ಶಿವರಾತ್ರಿಗೆ ಭಕ್ತರು ಕಾಡು ಹೊಕ್ಕು ಹೋಗುತ್ತಾರೆ. ಕುಮಟಾ ಕಡೆಯ ಯಾಣದ ಕಪ್ಪು ಶಿಖರಗಳೂ ಸುಣ್ಣಕಲ್ಲೇ. ಬಳ್ಳಾರಿ ಸೀಮೆಯವರಾದ ನಮಗೆ ಪಡುವಣಕ್ಕಿಂತ ಮೂಡಣದ ದಾರಿ ಸಲೀಸು. ಗಡಿ ದಾಟಿದರೆ ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂ.

ಕತ್ತಲಿರುವಾಗಲೇ ಹೊರಟು ಬಳ್ಳಾರಿ, ಗುಂತಕಲ್ಲು, ಗುತ್ತಿ ದಾಟಿ ತಾಡಿಪತ್ರಿ ತಲುಪುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಊರ ಪಕ್ಕದಲ್ಲಿ ಪೆನ್ನಾ ನದಿ, ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ನಮ್ಮ ಉತ್ತರ ಪಿನಾಕಿನಿ. ದಂಡೆಯ ಮೇಲೆ ಬುಗ್ಗ ರಾಮಲಿಂಗೇಶ್ವರ ಗುಡಿ. ಅದರ ಗೋಪುರದ ಕೆತ್ತನೆ ನೋಡಿದರೆ ಹಂಪಿಯವರಿಗೆ ಪರವೂರೆನಿಸದು. ಅದೂ ವಿಜಯನಗರ ಕಾಲದ್ದೇ. ಅಲ್ಲಿಂದ ಮುಂದೆ ನೆಲದ ಬಣ್ಣವೂ ಕಲ್ಲಿನ ಬಣ್ಣವೂ ಬದಲಾಗುತ್ತವೆ. ನಮ್ಮ ಗುಂಡುಗಳ ದುಂಡಗಿನ ಬೆನ್ನು ಎಲ್ಲಿಯೂ ಕಾಣುವುದಿಲ್ಲ. ರಸ್ತೆಯ ಎರಡೂ ಬದಿಗೆ ಕಪ್ಪು ಚಪ್ಪಡಿಗಳ ಅಟ್ಟಿ.

‘ಇದು ನಮ್ಮ ಅಡಿಗಿಮನಿ ಕಟ್ಟಿ ಕಲ್ಲಲ್ಲೇನು?’ ಎಂದಳು ಮಗಳು.

ಹೌದು, ಅದೇ ಕಡಪ ಕಲ್ಲು. ಹೊಸಪೇಟೆಯ ಯಾವ ಮನೆಯ ಅಡುಗೆಕಟ್ಟೆಯ ಮೇಲೂ ರೊಟ್ಟಿ ಬಡಿಯುವ ಸದ್ದಿನಡಿ ಇರುವುದು ಬಹುಮಟ್ಟಿಗೆ ಈ ಕರಿ ಸುಣ್ಣಕಲ್ಲು. ಹಜಾರಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಸುಣ್ಣ ಎಂದರೆ ಬಿಳಿ ಎಂದೇ ತಿಳಿದವಳಿಗೆ ಅದು ಕರಿ ಚಪ್ಪಡಿಯಾಗಿಯೂ ಇರುತ್ತದೆ ಎಂದು ನಂಬಿಸುವುದು ಕಷ್ಟವಾಯಿತು. ಸಂದೇಹವಿದ್ದರೆ ನಿಂಬೆಹಣ್ಣು ಹಿಂಡಿ ನೋಡು, ಕಟ್ಟೆಯ ಮೇಲೆ ಬಿದ್ದ ಹುಳಿ ಒರೆಸದೆ ಬಿಟ್ಟರೆ ಹೊಳಪು ಹೋಗಿ ಕಲೆ ಉಳಿಯುತ್ತದೆ ಎಂದೆ. ಅವಳಮ್ಮ ಅದಕ್ಕಾಗಿ ಎಷ್ಟು ಸಲ ಗದರಿದ್ದಾಳೋ! ಹುಳಿಗೆ ಕರಗುವ ಕಲ್ಲು. ಇಡೀ ಬೇಲಂ ಗವಿಯ ಗುಟ್ಟು ಆ ಕಲೆಯಲ್ಲಿದೆ.

ಹೊಲದ ಕೆಳಗಿನ ಓಣಿಗಳು

ಗವಿ ಎಂದರೆ ಬೆಟ್ಟ ಹತ್ತಬೇಕು ಎಂದು ಷೂ ಬಿಗಿದು ಬಂದವಳಿಗೆ ಮೊದಲು ನಿರಾಸೆ. ಬೇಲಂನಲ್ಲಿ ಬೆಟ್ಟವೇ ಇಲ್ಲ. ದೊಡ್ಡದೊಂದು ಬುದ್ಧನ ಮೂರ್ತಿ, ಸುತ್ತ ಬಟಾಬಯಲು, ಆ ಬಯಲಿನಲ್ಲಿ ಹಾಳುಬಾವಿಗಳಂತೆ ಬಾಯ್ತೆರೆದ ಮೂರು ಗುಂಡಿಗಳು. ನಡುವಿನ ಗುಂಡಿಯ ಮೆಟ್ಟಿಲಿಳಿದರೆ ನೆಲದಡಿಯಲ್ಲಿ ಒಂದು ಊರೇ ಇದೆ: ಓಣಿ, ಅಡ್ಡ ಓಣಿ, ಪಡಸಾಲೆ, ಹಿತ್ತಿಲು. ಅಳೆದಿರುವ ಉದ್ದ 3,229 ಮೀಟರ್. ಅದರಲ್ಲಿ ಸುಮಾರು ಒಂದೂವರೆ ಕಿಲೊಮೀಟರ್ ಮಾತ್ರ ನಮ್ಮಂಥವರಿಗೆ ತೆರೆದಿದೆ. ಉಳಿದದ್ದು ಕತ್ತಲಿಗೇ ಬಿಟ್ಟದ್ದು.

ಈ ಓಣಿಗಳನ್ನು ತೋಡಿದ್ದು ಮಳೆನೀರು. ಬೀಳುವಾಗ ಗಾಳಿಯಿಂದ, ಇಂಗುವಾಗ ಮಣ್ಣಿನಿಂದ ಒಂದಿಷ್ಟು ಇಂಗಾಲದ ಡೈ ಆಕ್ಸೈಡ್ ಹೀರಿಕೊಳ್ಳುವ ನೀರಿಗೆ ತುಸುವೇ ಹುಳಿ ಬರುತ್ತದೆ. ನಿಂಬೆರಸದ ನೂರರಲ್ಲೊಂದು ಪಾಲೂ ಅಲ್ಲದ ಹುಳಿ. ಆದರೆ ಆ ನೀರಿಗೆ ಆತುರವಿಲ್ಲ. ಬಿರುಕು ಹುಡುಕಿ ಇಳಿದು, ಸುಣ್ಣ ಕರಗಿಸುತ್ತ, ಬಿರುಕನ್ನು ಓಣಿ ಮಾಡಿ, ಓಣಿಯನ್ನು ಪಡಸಾಲೆ ಮಾಡಿದೆ. ಹೀಗೆ ಕರಗಿಸಿ ಒಯ್ದದ್ದನ್ನು ಅದು ಮರಳಿ ಕೊಡುವುದೂ ಉಂಟು. ಚಾವಣಿಯಿಂದ ತೊಟ್ಟಿಕ್ಕುವಾಗ ನೀರಿನೊಳಗಿನ ಗಾಳಿ ಹಾರಿಹೋಗಿ, ಹಿಡಿದಿಡಲಾಗದ ಸುಣ್ಣ ಕಣಕಣವಾಗಿ ಕಲ್ಲಿಗೇ ಅಂಟುತ್ತದೆ. ಮೇಲಿನಿಂದ ಗೊಂಚಲುಗಳು ಇಳಿಯುತ್ತವೆ, ಕೆಳಗಿನಿಂದ ಹುತ್ತಗಳು ಏಳುತ್ತವೆ. ಬೋರ್‌ವೆಲ್ ನೀರು ಕಾಸಿ ಕಾಸಿ ನಮ್ಮ ಬಚ್ಚಲ ಹಂಡೆಯೊಳಗೆ ಕಟ್ಟಿದ ಬಿಳಿ ಪೊರೆ ಇದರ ದಾಯಾದಿ.

ಇಂಥ ಗೊಂಚಲು ಬೆಳೆಯುವುದು ವರ್ಷಕ್ಕೆ ಸರಾಸರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಮಗಳು ಅಲ್ಲೇ ನಿಂತು ಲೆಕ್ಕ ಹಾಕಿದಳು. 1336ರಲ್ಲಿ ವಿಜಯನಗರ ಹುಟ್ಟಿದ ದಿನ ಒಂದು ಹನಿ ತೊಟ್ಟಿಕ್ಕಲು ಶುರುವಾಗಿದ್ದರೆ ಇಂದಿಗೆ ಏಳು ಸೆಂಟಿಮೀಟರ್. ಅಂದರೆ ಒಂದು ಬೆರಳುದ್ದ. ಕಾಲುವೆ ತೋಡಿ, ಗುಡಿ ಕಟ್ಟಿ, ರಥ ಎಳೆದು, ಯುದ್ಧ ಸೋತು, ಊರು ಹಾಳಾಗಿ, ಹಾಳೂರು ನೋಡಲು ಲೋಕವೇ ಬರುವಂತಾಗುವಷ್ಟರಲ್ಲಿ ಇಲ್ಲಿ ಒಂದು ಬೆರಳು. ಅವಳು ತನ್ನ ಬೆರಳನ್ನು ಒಂದು ಗೊಂಚಲಿನ ಪಕ್ಕಕ್ಕೆ ಹಿಡಿದಳು. ‘ಮುಟ್ಟಬ್ಯಾಡ’ ಎಂದೆ. ಕೈಯ ಜಿಡ್ಡು ಹತ್ತಿದ ಜಾಗದಲ್ಲಿ ಸುಣ್ಣ ಅಂಟುವುದಿಲ್ಲ, ಗೊಂಚಲು ಅಲ್ಲಿಗೇ ನಿಲ್ಲುತ್ತದೆ.

1884ರಲ್ಲಿ ಈ ಗವಿಯನ್ನು ಗುರುತಿಸಿ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫುಟ್. ಬಳ್ಳಾರಿಯವರಿಗೆ ಹೊಸ ಹೆಸರಲ್ಲ. ಸಂಡೂರಿನ ಕಬ್ಬಿಣದ ಬೆಟ್ಟಗಳನ್ನೂ ಬಳ್ಳಾರಿ ಸೀಮೆಯ ಕಲ್ಲುಗಳನ್ನೂ ತಿರುಗಿ ತಿರುಗಿ ನೋಡಿ ಗ್ರಂಥ ಬರೆದ ಭೂವಿಜ್ಞಾನಿ. ಸಂಗನಕಲ್ಲಿನ ನವಶಿಲಾಯುಗದ ನೆಲೆಯನ್ನು ಹೊರಜಗತ್ತಿಗೆ ತಿಳಿಸಿದವರು. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಫುಟ್ ಬಂದುಹೋದ ಮೇಲೆ ಬೇಲಂ ಮತ್ತೆ ನೂರು ವರ್ಷ ಮಲಗಿತು. 1982–83ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಒಳಹೊಕ್ಕು ನಕ್ಷೆ ಬರೆಯಿತು. ಆ ನಡುವೆ ಸುತ್ತಲಿನ ಜನಕ್ಕೆ ಇದು ಕಸ ಸುರಿಯುವ ಗುಂಡಿಯಾಗಿತ್ತು. ಕಸ ತೆಗೆದು, ದಾರಿ ಮಾಡಿ, ಆಂಧ್ರ ಪ್ರವಾಸೋದ್ಯಮದವರು ಪ್ರವಾಸಿಗಳಿಗೆ ತೆರೆದದ್ದು 2002ರಲ್ಲಿ.

ಒಳಗೆ ತಂಪಿರುತ್ತದೆ ಎಂದುಕೊಂಡು ಹೋದರೆ ಕೆಟ್ಟಿರಿ. ಅರ್ಧ ದಾರಿಗೆ ಅಂಗಿ ಬೆನ್ನಿಗೆ ಅಂಟಿರುತ್ತದೆ. ತಲೆ ತಗ್ಗಿಸಿ, ಕೆಲವು ಕಡೆ ಸೊಂಟ ಬಗ್ಗಿಸಿ ನಡೆದರೆ ಕೋಟಿಲಿಂಗಗಳ ಕೋಣೆ. ಆಲದ ಬಿಳಲಿನಂತೆ ಇಳಿಬಿದ್ದ ಸುಣ್ಣದ ಪಡಸಾಲೆ. ಸಾವಿರ ಹೆಡೆ ಬಿಚ್ಚಿದಂಥ ಚಾವಣಿ. ಎಲ್ಲಕ್ಕಿಂತ ಆಳದಲ್ಲಿ, ಬಾಗಿಲಿನಿಂದ 46 ಮೀಟರ್ ಕೆಳಗೆ, ಪಾತಾಳಗಂಗೆ ಎಂಬ ಸಣ್ಣ ತೊರೆ. ಅದು ಕಲ್ಲಿನಿಂದ ಹೊರಬಂದು ಕಲ್ಲಿನೊಳಗೇ ಹೋಗುತ್ತದೆ. ಗವಿ ತೋಡಿದ ಕೂಲಿಯಾಳು ಇನ್ನೂ ಕೆಲಸದಲ್ಲೇ ಇದ್ದಾನೆ, ನಾವು ಮನೆ ಪೂರ್ತಿಯಾಗುವ ಮೊದಲೇ ಗೃಹಪ್ರವೇಶಕ್ಕೆ ಬಂದಿದ್ದೇವೆ ಎನ್ನಿಸಿತು.

ಸಪ್ತಸ್ವರ ಗುಹೆಯಲ್ಲಿ ಸುಣ್ಣದ ಗೊಂಚಲುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನ ದನಿ ಬರುತ್ತದೆ. ನಮ್ಮ ಕಡೆಯವರು ಇದಕ್ಕೆ ಬೆರಗಾಗಬೇಕಿಲ್ಲ. ವಿಠ್ಠಲ ಗುಡಿಯ ಕಂಬಗಳು ನಾದ ಕೊಡುತ್ತವೆ. ಅವಕ್ಕೂ ಸಾವಿರಾರು ವರ್ಷ ಮೊದಲು ಬಳ್ಳಾರಿ ಪಕ್ಕದ ಕುಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ದನಗಾಹಿಗಳು ಕಲ್ಲು ಬಡಿದು ದನಿ ಎಬ್ಬಿಸಿದ್ದಾರೆ. ಬಡಿದ ಗುಳಿಗಳು ಬಂಡೆಯ ಮೇಲೆ ಇಂದಿಗೂ ಇವೆ. ಕಲ್ಲು ಕಂಡರೆ ತಟ್ಟಿ ನೋಡುವ ಚಟ ಮನುಷ್ಯನಿಗೆ ನಿನ್ನೆ ಮೊನ್ನೆಯದಲ್ಲ.

ಮೂಲೆಯೊಂದರಲ್ಲಿ ಹಳದಿ ದೀಪದ ಬೆಳಕಿಗೆ ಗೋಡೆಯೆಲ್ಲ ಬಂಗಾರದ ನೀರು ಹಚ್ಚಿದಂತಿತ್ತು. ಎಲ್ಲರೂ ಫೋನ್ ಎತ್ತಿದ್ದರು. ಮಗಳು ಕೇಳಿದಳು: ‘ದೀಪ ಇಲ್ಲಂದ್ರ ಇದರ ಬಣ್ಣ ಯಾವ್ದು?’

ಕಪ್ಪು ಎಂದು ಬಾಯಿಗೆ ಬಂತು, ತಡೆದುಕೊಂಡೆ. ದೀಪವಿಲ್ಲದಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಲಕ್ಷಾಂತರ ದಿನ ಅದು ಯಾರ ಕಣ್ಣಿಗೂ ಬೇಕಾಗದೆ ಬೆಳೆದದ್ದು. ಬಣ್ಣ ಬೇಕಾದದ್ದು ನಮಗೆ.

ಗೇಟಿನಲ್ಲಿ ಉಳಿದ ಪೆಂಟಿ

ಮರುಭಾನುವಾರ ದೊಡ್ಡಪ್ಪನನ್ನೂ ಕರೆದುಕೊಂಡು ದರೋಜಿಯ ಕರಡಿಧಾಮಕ್ಕೆ ಹೊರಟೆವು. ‘ಕರಡಿ ನೋಡಾಕ ರೊಕ್ಕ ಕೊಟ್ಟು ಹೋಗಬೇಕೇನು?’ ಎಂದು ಗೊಣಗುತ್ತಲೇ ಬಂದು ಕೂತರು. ಕಾಲ ಬಳಿ ಒಂದು ಚೀಲ. ಒಳಗೆ ಕಾಗದ ಸುತ್ತಿದ ಒಂದು ಪೆಂಟಿ ಬೆಲ್ಲ. ಅಲ್ಲಿ ಕರಡಿಗೆ ಬೆಲ್ಲ ಹಾಕುತ್ತಾರೆಂದು ಯಾರೋ ಹೇಳಿದ್ದರಂತೆ. ‘ಚಿತ್ತವಾಡ್ಗಿ ಬೆಲ್ಲದ ರುಚಿ ಅವಕ್ಕೂ ಗೊತ್ತಾಗಲಿ.’

ಕಮಲಾಪುರದ ಬಳಿ 2017ರಲ್ಲಿ ತೆರೆದ ಅಟಲ್ ಬಿಹಾರಿ ವಾಜಪೇಯಿ ಜೂಲಾಜಿಕಲ್ ಪಾರ್ಕ್ ಇದೆ. ಹುಲಿ, ಸಿಂಹಗಳ ಸಫಾರಿ ಅಲ್ಲಿ. ಮಕ್ಕಳಿದ್ದವರು ಬೆಳಿಗ್ಗೆ ಅದನ್ನು ಮುಗಿಸಿಕೊಂಡು ಮಧ್ಯಾಹ್ನಕ್ಕೆ ಕರಡಿಧಾಮಕ್ಕೆ ಬರುವುದು ವಾಡಿಕೆ. ನಾವೂ ಹಾಗೇ ಮಾಡಿದೆವು. ಪಾರ್ಕಿನಲ್ಲಿ ಪ್ರಾಣಿ ಬೇಲಿಯೊಳಗೆ, ಕರಡಿಧಾಮದಲ್ಲಿ ಕಾವಲು ಗೋಪುರದೊಳಗೆ ನಾವು. ಅಷ್ಟು ವ್ಯತ್ಯಾಸ.

ಗೇಟಿನಲ್ಲಿ ಚೀಲ ಬಿಚ್ಚಿಸಿದರು. ತಿನ್ನುವ ಪದಾರ್ಥ ಒಳಗೆ ಒಯ್ಯುವಂತಿಲ್ಲ, ಪ್ರಾಣಿಗಳಿಗೆ ಏನನ್ನೂ ಕೊಡುವಂತಿಲ್ಲ. ದೊಡ್ಡಪ್ಪ ಬೆಲ್ಲದ ಗುಣಗಾನ ಮಾಡಿ ನೋಡಿದರು. ಕಾವಲಿನ ಹುಡುಗ ನಕ್ಕು, ‘ಇಲ್ರಿ ಅಜ್ಜಾರ, ಅದು ನಮ್ಮ ಕೆಲಸ’ ಎಂದ. ಪೆಂಟಿ ಗೇಟಿನಲ್ಲೇ ಉಳಿಯಿತು.

ದರೋಜಿ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ. ಮುಂದೆ ಬುಕ್ಕಸಾಗರದ ಕಡೆಯ ಕಾಡೂ ಸೇರಿ ಈಗ 82.72 ಚದರ ಕಿಲೊಮೀಟರ್. ಎತ್ತರದ ಮರಗಳ ಕಾಡನ್ನು ಇಲ್ಲಿ ಹುಡುಕಬೇಡಿ. ಗುಂಡುಗಲ್ಲಿನ ಗುಡ್ಡ, ಮುಳ್ಳುಕಂಟಿ, ಹುತ್ತ, ಕವಳೆ, ಬಾರೆ, ಸೀತಾಫಲ. ಕರಡಿಗೆ ಬೇಕಾದದ್ದೇ ಇದು. ಹುತ್ತದ ಗೆದ್ದಲು, ಇರುವೆ, ಜೇನು, ಕಾಲಕಾಲದ ಹಣ್ಣು, ಹಗಲು ಮಲಗಲು ಗುಂಡುಗಳ ನಡುವಿನ ತಂಪು ಗವಿ. ಬೇಲಂನ ಗವಿಯನ್ನು ಹುಳಿನೀರು ತೋಡಿದ್ದರೆ ಇಲ್ಲಿನದನ್ನು ಬಿಸಿಲು ಒಡೆದಿದೆ. ಅಲ್ಲಿ ಒಳಹೋದವರು ನಾವು, ಇಲ್ಲಿ ಹೊರಬರಬೇಕಾದವು ಅವು.

ಕಾವಲು ಗೋಪುರದ ಎದುರಿಗೇ ಕರಡಿಕಲ್ಲು ಗುಡ್ಡ. ಜನ ಬರುವ ಮೊದಲೇ ಇಲಾಖೆಯವರು ಬಂಡೆಗಳ ಮೇಲೆ, ಸಂದಿಗಳಲ್ಲಿ ಬೆಲ್ಲದ ಪಾಕ ಸವರಿ ಹೋಗಿರುತ್ತಾರೆ. ಮೊದಲು ಬಂದದ್ದು ನವಿಲು. ಆಮೇಲೆ ಕೌಜುಗದ ಹಿಂಡು. ಆಮೇಲೊಂದು ಕೆಂಚು ಮುಂಗುಸಿ, ಹಬ್ಬದ ಮನೆಗೆ ಕರೆಯದೆ ಬಂದವರಂತೆ ಅತ್ತ ಇತ್ತ ನೋಡಿ, ಬಂಡೆ ನೆಕ್ಕಿ ಓಡಿತು. ಕಂಟಿಯಲ್ಲಿ ಹಳದಿ ಕತ್ತಿನ ಪಿಕಳಾರವೊಂದು ಕೂಗುತ್ತಿತ್ತು. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಆ ಹಕ್ಕಿ ಬೇರೆಲ್ಲೂ ಇಲ್ಲ. ದೂರದೂರುಗಳಿಂದ ಕ್ಯಾಮೆರಾ ಹೊತ್ತು ಬರುವ ಕೆಲವರಿಗೆ ಕರಡಿಗಿಂತ ಅದೇ ಮುಖ್ಯ.

ನಾಲ್ಕರ ಮೇಲೆ, ಗುಂಡಿನ ನೆರಳು ಇಳಿಜಾರಿಗೆ ಚಾಚುತ್ತಿದ್ದಾಗ, ನೆರಳಿನ ಒಂದು ತುಂಡು ಅಲುಗಾಡಿತು. ಕರಡಿ. ಮೈತುಂಬ ಕೆದರಿದ ಕಪ್ಪು ಕೂದಲು, ಎದೆಯ ಮೇಲೆ ಬೆಳ್ಳಗಿನ ಗೆರೆ, ಬೂದಿ ಬಣ್ಣದ ಮೂತಿ. ಬೆನ್ನಿನ ಮೇಲೆ ಎರಡು ಕರಿ ಉಂಡೆಗಳು; ಮರಿಗಳು. ಕರಡಿಗಳಲ್ಲಿ ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದನ್ನು ರೂಢಿ ಮಾಡಿಕೊಂಡದ್ದು ನಮ್ಮ ನಾಡಿನ ಈ ಜಾತಿಯೇ. ತಾಯಿ ಬಂಡೆಯ ಸಂದಿಗೆ ಮೂತಿ ಇಟ್ಟಿತು. ಮೇಲಿನ ಸಾಲಿನ ಎರಡು ಮುಂಹಲ್ಲುಗಳು ಇದಕ್ಕಿಲ್ಲ. ಆ ಕಿಂಡಿಯಿಂದಲೇ ಊದಿ ಮಣ್ಣು ಹಾರಿಸುತ್ತದೆ, ತುಟಿ ಚಾಚಿ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರಿನಾಚೆಗೂ ಕೇಳುವಷ್ಟಿರುತ್ತದೆ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞ ಇದರ ಉಗುರು, ಹಲ್ಲು ನೋಡಿ ಇದು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ನೆಂಟನೆಂದು ತಪ್ಪು ತಿಳಿದು ಹೆಸರಿಟ್ಟ. ತಪ್ಪು ತಿದ್ದಿದ ಮೇಲೂ ಇಂಗ್ಲಿಷಿನಲ್ಲಿ ಅದು ಸ್ಲಾತ್ ಬೇರ್ ಆಗಿಯೇ ಉಳಿಯಿತು. ಕಿಷ್ಕಿಂಧೆಯ ಜನರಾದ ನಾವು ಅಂಥ ತಪ್ಪು ಮಾಡಲಿಲ್ಲ. ನಮಗೆ ಅದು ಮೊದಲಿನಿಂದ ಜಾಂಬವಂತನ ಕುಲ.

ಗೋಪುರದಲ್ಲಿ ಉಸಿರು ಬಿಗಿಹಿಡಿದ ಮೌನ. ದೊಡ್ಡಪ್ಪ ಮಾತ್ರ ಬೇರೆ ಲೋಕದಲ್ಲಿದ್ದರು. ಬಂಡೆ ನೆಕ್ಕುವ ಕರಡಿಯನ್ನು ಕಣ್ಣು ಕಿರಿದು ಮಾಡಿ ನೋಡಿ, ‘ಪಾಕ ಭಾಳ ನೀರಾಗೈತಿ’ ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಪಿಸುಗುಟ್ಟಿದರು: ‘ಹೊಲದಾಗ ಕಂಡ್ರ ಜೀವ ಕೈಯಾಗ ಹಿಡಕೊಂಡು ಓಡ್ತೀವಿ. ಇಲ್ಲಿ ರೊಕ್ಕ ಕೊಟ್ಟು ಎಷ್ಟೊತ್ತಿಗೆ ಬರ್ತಾವು ಅಂತ ಕಾಯ್ತೀವಿ.’ ತಮಾಷೆಯ ಮಾತಲ್ಲ ಅದು. ಈ ಸೀಮೆಯಲ್ಲಿ ಶೇಂಗಾ, ಮೆಕ್ಕೆಜೋಳ ಕಾಯಲು ಹೋದವರು, ನಸುಕಿನಲ್ಲಿ ಬಯಲಿಗೆ ಹೋದವರು ಕರಡಿಯ ಉಗುರಿಗೆ ಮುಖ ಕೊಟ್ಟದ್ದುಂಟು. ಕರಡಿಯ ಕಣ್ಣು ಮಂದ, ಮೂಗು ಚುರುಕು. ಹತ್ತಿರ ಬಂದದ್ದು ತಟ್ಟನೆ ಗೊತ್ತಾದರೆ ಹೆದರಿಯೇ ಮೇಲೆ ಬೀಳುತ್ತದೆ. ಗುಡ್ಡಗಳನ್ನು ಕಲ್ಲಿಗೆ, ಅದಿರಿಗೆ ಅಗೆದಷ್ಟೂ ಹಗಲು ಮಲಗುವ ಗವಿ ಕಡಿಮೆ, ಹೊಲದ ಬದುವಿನಲ್ಲಿ ಮುಖಾಮುಖಿ ಹೆಚ್ಚು. ಕರಡಿಗೆ ಬೇಕಾದದ್ದು ಕೇಡಿಲ್ಲದ ಗುಡ್ಡ. ಬೆಲ್ಲ ಬೇಕಾದದ್ದು ನಮಗೆ, ಬೇಲಂನ ಬಣ್ಣದಂತೆಯೇ.

ಬೆಲ್ಲ ಸವರಬಾರದು, ದೀಪ ಹಚ್ಚಬಾರದು ಎಂದು ಹೇಳುವ ಮನಸ್ಸು ನನಗಿಲ್ಲ. ದೀಪವಿಲ್ಲದಿದ್ದರೆ ಬೇಲಂ ಇಂದಿಗೂ ಕಸದ ಗುಂಡಿಯಾಗಿರುತ್ತಿತ್ತೇನೋ. ಒಮ್ಮೆ ಕಣ್ಣಾರೆ ಕಂಡ ಕರಡಿಯನ್ನು ಉಳಿಸಲು ಒಪ್ಪುವಷ್ಟು ಸುಲಭವಾಗಿ ಕಾಣದ ಕರಡಿಯನ್ನು ಉಳಿಸಲು ಯಾರೂ ಒಪ್ಪುವುದಿಲ್ಲ. ಅಲ್ಲದೆ ಇಲ್ಲಿನವು ಕರಡಿ ಆಡಿಸುವವರ ಮೂಗುದಾರದ ಕರಡಿಗಳಲ್ಲ. ಬರುತ್ತವೆ, ನೆಕ್ಕುತ್ತವೆ, ಬೇಸರವಾದರೆ ಬೆನ್ನು ತಿರುಗಿಸಿ ಹೋಗುತ್ತವೆ. ಕೊಪ್ಪರಿಗೆಯ ಮುಂದೆ ನಿಂತು ದೊಡ್ಡಪ್ಪ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ: ಹದ ನೋಡಿ ಹಾಕಬೇಕು. ಒಂದೂವರೆ ಕಿಲೊಮೀಟರಿಗೆ ದೀಪ, ಉಳಿದದ್ದಕ್ಕೆ ಕತ್ತಲು. ಒಂದು ಗುಡ್ಡಕ್ಕೆ ಬೆಲ್ಲ, ಉಳಿದ ಗುಡ್ಡಗಳಿಗೆ ಅವುಗಳ ಪಾಡು.

ಆರಕ್ಕೆ ಹೊರಡಲು ಹೇಳಿದರು. ಗೇಟಿನಲ್ಲಿ ಪೆಂಟಿ ವಾಪಸು ಸಿಕ್ಕಿತು. ಕಾಗದದ ತುಂಬ ಇರುವೆ. ದೊಡ್ಡಪ್ಪ ಕೊಡವಿ, ಒಂದು ಚೂರು ಮುರಿದು ಕಾವಲಿನ ಹುಡುಗನಿಗೆ, ಒಂದು ಮಗಳಿಗೆ ಕೊಟ್ಟರು.

ಕಮಲಾಪುರದ ಕಡೆಗೆ ಬರುವಾಗ ರಸ್ತೆಯ ಎರಡೂ ಬದಿಯ ಗುಡ್ಡಗಳು ಒಂದೊಂದಾಗಿ ಕತ್ತಲಿಗಿಳಿಯುತ್ತಿದ್ದವು. ಮಗಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

‘ತಾತ, ಆ ಗುಡ್ಡಕ್ಕ ಬೆಲ್ಲ ಯಾರು ಹಚ್ತಾರ?’

‘ಯಾರೂ ಹಚ್ಚಂಗಿಲ್ಲ.’

‘ಹಂಗಾರ ಅಲ್ಲಿ ಕರಡಿ ಇಲ್ಲೇನು?’

‘ಅದಾವ’ ಎಂದರು ದೊಡ್ಡಪ್ಪ. ‘ನಮಗ ಕಾಣಂಗಿಲ್ಲ, ಅಷ್ಟ.’